ಅಂಕ ಇಳಿಯುವ ಮೊದಲೇ ಬೆಲೆ ಇಳಿಯುತ್ತದೆ

2018ರ ಡಿಸೆಂಬರ್ 23, ಭಾನುವಾರ. ಅಮೆರಿಕನ್ ಫುಟ್‌ಬಾಲ್ ಋತುವಿನ ಹದಿನಾರನೇ ವಾರ. ಫ್ಯಾಂಟಸಿ ಫುಟ್‌ಬಾಲ್ ಆಡುವವರ ಬಹುಪಾಲು ಲೀಗ್‌ಗಳಿಗೆ ಆಗ ಅದೇ ಫೈನಲ್ ವಾರ. ಆ ವರ್ಷ ಫೈನಲ್ ತಲುಪಿದ ಅನೇಕ ತಂಡಗಳನ್ನು ಅಲ್ಲಿವರೆಗೆ ಎಳೆದು ತಂದವರು ಲಾಸ್ ಏಂಜಲಿಸ್ ರ‍್ಯಾಮ್ಸ್ ತಂಡದ ಟಾಡ್ ಗರ್ಲಿ. 14 ಪಂದ್ಯಗಳಲ್ಲಿ ಚೆಂಡು ಹೊತ್ತು ಓಡಿ ಗಳಿಸಿದ್ದು 1,251 ಯಾರ್ಡ್, ಕ್ಯಾಚ್ ಹಿಡಿದು 580 ಯಾರ್ಡ್, ಒಟ್ಟು 21 ಟಚ್‌ಡೌನ್. ಆದರೆ ಆ ಭಾನುವಾರ ಅರಿಜೋನಾ ವಿರುದ್ಧ ಗರ್ಲಿ ಅಂಗಳಕ್ಕಿಳಿಯಲಿಲ್ಲ. ಎಡ ಮೊಣಕಾಲು ಕೈಕೊಟ್ಟಿತ್ತು. ಅವರ ಜಾಗಕ್ಕೆ ಬಂದವರು ಅದೇ ವಾರ ತಂಡ ಸೇರಿದ್ದ ಸಿ.ಜೆ. ಆ್ಯಂಡರ್ಸನ್. ಅವರು 167 ಯಾರ್ಡ್ ಓಡಿದರು.

ಗರ್ಲಿಗೆ ಆಗ 24 ವರ್ಷ. ಐದು ತಿಂಗಳ ಹಿಂದಷ್ಟೇ 45 ಮಿಲಿಯನ್ ಡಾಲರ್ ಖಾತರಿಯಿದ್ದ ಹೊಸ ಕರಾರಿಗೆ ಸಹಿ ಹಾಕಿದ್ದರು. ಪ್ಲೇಆಫ್‌ನಲ್ಲಿ ಡಲ್ಲಾಸ್ ವಿರುದ್ಧ ಮರಳಿ ಬಂದು 115 ಯಾರ್ಡ್ ಓಡಿದಾಗ ಅಭಿಮಾನಿಗಳು ನೆಮ್ಮದಿಯ ನಿಟ್ಟುಸಿರು ಬಿಟ್ಟರು. ಆದರೆ ಅದೇ ಪಂದ್ಯದಲ್ಲಿ ಆ್ಯಂಡರ್ಸನ್ 123 ಯಾರ್ಡ್ ಓಡಿದ್ದರು. ಮುಂದಿನ ಪಂದ್ಯ ನ್ಯೂ ಆರ್ಲಿಯನ್ಸ್‌ನಲ್ಲಿ. ಅಲ್ಲಿ ಗರ್ಲಿ ಕೈಗೆ ಓಡಲು ಚೆಂಡು ಬಂದದ್ದು ನಾಲ್ಕೇ ಸಲ, ಸಿಕ್ಕಿದ್ದು 10 ಯಾರ್ಡ್. ಸೂಪರ್ ಬೌಲ್‌ನಲ್ಲಿ 10 ಓಟ, 35 ಯಾರ್ಡ್. ದೇಶದ ಅತಿ ದುಬಾರಿ ರನ್ನಿಂಗ್ ಬ್ಯಾಕ್‌ಗೆ, ಅಂದರೆ ಚೆಂಡು ಹೊತ್ತು ಓಡುವುದೇ ಕೆಲಸವಾದ ಆಟಗಾರನಿಗೆ, ವರ್ಷದ ಅತಿ ದೊಡ್ಡ ಪಂದ್ಯದಲ್ಲಿ ಓಡಲು ಚೆಂಡು ಸಿಕ್ಕಿದ್ದೇ ಕಡಿಮೆ. ಅದಾಗಿ ಎರಡು ಋತು ಆಡಿದರು, ಅಷ್ಟೇ. 26ನೇ ವಯಸ್ಸಿಗೆ ಆಟ ಮುಗಿಯಿತು.

ಗರ್ಲಿ ತಮ್ಮ ಫ್ಯಾಂಟಸಿ ತಂಡದಲ್ಲಿದ್ದವರ ಮುಂದೆ ಆ ಚಳಿಗಾಲದಲ್ಲಿ ಇದ್ದ ಪ್ರಶ್ನೆ ಒಂದೇ: ಈಗ ಮಾರಬೇಕೆ, ಇನ್ನೂ ಇಟ್ಟುಕೊಳ್ಳಬೇಕೆ? ಈ ಆಟದಲ್ಲಿ ಇದಕ್ಕಿಂತ ಕಷ್ಟದ ತೀರ್ಮಾನ ಇನ್ನೊಂದಿಲ್ಲ. ಇದನ್ನು ಬಹುತೇಕರು ತಪ್ಪು ಗಡಿಯಾರ ನೋಡಿ ತೀರ್ಮಾನಿಸುತ್ತಾರೆ. ಆಟಗಾರ ಈ ವಾರ ಎಷ್ಟು ಅಂಕ ತಂದ ಎಂಬುದು ಒಂದು ಲೆಕ್ಕ, ಅವನಿಗೆ ಮಾರುಕಟ್ಟೆಯಲ್ಲಿ ಏನು ಸಿಗುತ್ತದೆ ಎಂಬುದು ಬೇರೆಯೇ ಲೆಕ್ಕ. ರನ್ನಿಂಗ್ ಬ್ಯಾಕ್‌ಗಳ ವಿಷಯದಲ್ಲಿ ಈ ಎರಡೂ ಒಟ್ಟಿಗೆ ಇಳಿಯುವುದಿಲ್ಲ. ಬೆಲೆ ಮೊದಲು ಬೀಳುತ್ತದೆ, ಅಂಕ ಆಮೇಲೆ.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಇಲ್ಲಿ ಹೇಳುತ್ತಿರುವುದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಆಡುವ ಅಮೆರಿಕದ ಎನ್‌ಎಫ್‌ಎಲ್. ಡ್ರೀಮ್ 11 ಮೂಲಕ ಕ್ರಿಕೆಟ್‌ನಲ್ಲಿ ಕನ್ನಡಿಗರಿಗೆ ಪರಿಚಯವಾದ ಫ್ಯಾಂಟಸಿ ಆಟದ ಹಳೆಯ ಬೇರು ಇರುವುದು ಅಲ್ಲಿ. 1962ರಲ್ಲಿ ಓಕ್‌ಲ್ಯಾಂಡ್ ರೈಡರ್ಸ್ ತಂಡ ಸೋಲಿನ ಮೇಲೆ ಸೋಲು ಕಾಣುತ್ತಿದ್ದಾಗ, ತಂಡದ ಪಾಲುದಾರರಲ್ಲಿ ಒಬ್ಬರಾದ ಬಿಲ್ ವಿಂಕೆನ್‌ಬಾಕ್ ಪ್ರವಾಸದ ನಡುವೆ ನ್ಯೂಯಾರ್ಕ್‌ನ ಹೋಟೆಲೊಂದರಲ್ಲಿ ಕೂತು, ಜೊತೆಗಿದ್ದವರೊಂದಿಗೆ ಇದರ ನಿಯಮ ಬರೆದರು. ಮರುವರ್ಷ ಓಕ್‌ಲ್ಯಾಂಡ್‌ನಲ್ಲಿ ಮೊದಲ ಲೀಗ್ ನಡೆಯಿತು. ಇವತ್ತು ಅದು ಅಮೆರಿಕದ ಕಚೇರಿ ಕಚೇರಿಯಲ್ಲೂ ಇದೆ. ಬೇ ಏರಿಯಾ, ನ್ಯೂಜೆರ್ಸಿ, ಡಲ್ಲಾಸ್ ಕಡೆ ಕೆಲಸ ಮಾಡುವ ಕನ್ನಡದ ಹುಡುಗರು ಹುಡುಗಿಯರು ಮೊದಲ ವರ್ಷವೇ ಸಹೋದ್ಯೋಗಿಗಳ ಒತ್ತಾಯಕ್ಕೆ ಸೇರಿ, ಆಮೇಲೆ ಬಿಡಲಾರದೆ ಆಡುವ ಆಟ ಇದು.

ಲೆಕ್ಕ ಸರಳ. ಪ್ರತಿ 10 ಯಾರ್ಡ್‌ಗೆ ಒಂದು ಅಂಕ, ಟಚ್‌ಡೌನ್‌ಗೆ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ) ಆರು, ಅನೇಕ ಲೀಗ್‌ಗಳಲ್ಲಿ ಹಿಡಿದ ಪ್ರತಿ ಕ್ಯಾಚ್‌ಗೂ ಒಂದು. ಕೆಲವು ಲೀಗ್‌ಗಳಲ್ಲಿ ಪ್ರತಿವರ್ಷ ತಂಡ ಹೊಸದಾಗಿ ಕಟ್ಟುತ್ತಾರೆ. ಅಲ್ಲಿ ವಯಸ್ಸು ದೊಡ್ಡ ವಿಷಯವಲ್ಲ. ತಲೆನೋವು ಇರುವುದು ಡೈನಾಸ್ಟಿ ಲೀಗ್‌ಗಳಲ್ಲಿ. ಅಲ್ಲಿ ಒಮ್ಮೆ ಆರಿಸಿದ ಆಟಗಾರ ಮಾರುವವರೆಗೆ ಅಥವಾ ಕೈಬಿಡುವವರೆಗೆ ನಿಮ್ಮವನೇ. ಪ್ರತಿ ಬೇಸಿಗೆಯಲ್ಲಿ ಕಾಲೇಜಿನಿಂದ ಬರುವ ಹೊಸಬರನ್ನು ಮಾತ್ರ ಸರದಿಯಂತೆ (ಕೆಳಗಿನ ಸ್ಥಾನದವರಿಗೆ ಮೊದಲು) ಆರಿಸಿಕೊಳ್ಳಬಹುದು. ಆ ಸರದಿಯ ಹಕ್ಕನ್ನು ‘ಪಿಕ್’ ಎನ್ನುತ್ತಾರೆ. ಮುಂದಿನ ವರ್ಷದ ಪಿಕ್, ಅದರಾಚೆ ವರ್ಷದ ಪಿಕ್ ಎಲ್ಲವೂ ಟ್ರೇಡ್‌ಗೆ ಬರುತ್ತವೆ. ವಯಸ್ಸಾದ ಆಟಗಾರನನ್ನು ಕೊಟ್ಟು ಸಾಮಾನ್ಯವಾಗಿ ಪಡೆಯುವುದು ಇವನ್ನೇ.

ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ 40 ದಾಟಿಯೂ ಆಡಬಹುದು. ಟಾಮ್ ಬ್ರೇಡಿ ತಮ್ಮ ಕೊನೆಯ ಸೂಪರ್ ಬೌಲ್ ಗೆದ್ದಾಗ 43 ವರ್ಷ. ಓಡಿ ಕ್ಯಾಚ್ ಹಿಡಿಯುವ ರಿಸೀವರ್‌ಗಳು 30ರ ಆಚೆಗೂ ಬೆಲೆ ಉಳಿಸಿಕೊಳ್ಳುತ್ತಾರೆ. ರನ್ನಿಂಗ್ ಬ್ಯಾಕ್‌ಗೆ ಆ ಭಾಗ್ಯವಿಲ್ಲ. ಕ್ರಿಕೆಟ್‌ನಲ್ಲಿ ಸ್ಪಿನ್ನರ್ ಎದುರು ವೇಗದ ಬೌಲರ್ ಹೇಗೋ, ಇಲ್ಲಿ ಕ್ವಾರ್ಟರ್‌ಬ್ಯಾಕ್ ಎದುರು ರನ್ನಿಂಗ್ ಬ್ಯಾಕ್ ಹಾಗೆ. ಕ್ವಾರ್ಟರ್‌ಬ್ಯಾಕ್ ಕೈಯಿಂದ ಚೆಂಡು ಪಡೆದು ಅವನು ನೇರವಾಗಿ ನುಗ್ಗುವುದು ನೂರಿಪ್ಪತ್ತು, ನೂರೈವತ್ತು ಕೆಜಿ ತೂಕದ ದೈತ್ಯರ ಗೋಡೆಗೆ. ವರ್ಷಕ್ಕೆ 300 ಸಲ ಚೆಂಡು ಹೊತ್ತರೆ ಹೆಚ್ಚುಕಡಿಮೆ ಅಷ್ಟೇ ಸಲ ಯಾರಾದರೂ ಬಂದು ಅಪ್ಪಳಿಸುತ್ತಾರೆ. ಗೋಡೆಯಲ್ಲಿ ಸಂದು ತೆರೆದುಕೊಳ್ಳುವುದು ಕ್ಷಣಮಾತ್ರ. ಆ ಸಂದಿಗೆ ನುಗ್ಗುವ ಮೊದಲ ಎರಡು ಹೆಜ್ಜೆಯ ಚಿಮ್ಮುವಿಕೆ ಸ್ವಲ್ಪವೇ ಮಂದವಾದರೂ ಐದು ಯಾರ್ಡ್ ಸಿಗಬೇಕಾದಲ್ಲಿ ಎರಡು ಸಿಗುತ್ತದೆ. ಇತರ ಸ್ಥಾನಗಳಲ್ಲಿ ಅನುಭವ ಈ ನಷ್ಟವನ್ನು ತುಂಬಿಕೊಡುತ್ತದೆ. ಇಲ್ಲಿ ತುಂಬಿಕೊಡುವುದು ಕಡಿಮೆ. 22ರ ಹುಡುಗ ಬಂದ ವರ್ಷವೇ ಈ ಕೆಲಸವನ್ನು ಚೆನ್ನಾಗಿ ಮಾಡಬಲ್ಲ, ಅದೂ ಅಗ್ಗದ ಮೊದಲ ಕರಾರಿನಲ್ಲಿ. ಹಾಗಾಗಿ ತಂಡಗಳಿಗೆ ಹಳಬನಿಗಾಗಿ ಕಾಯುವ ಅಗತ್ಯವೇ ಬೀಳುವುದಿಲ್ಲ.

ಸಾಮಾನ್ಯವಾಗಿ 27, 28ರ ಹೊತ್ತಿಗೆ ಇಳಿಜಾರು ಶುರುವಾಗುತ್ತದೆ ಎನ್ನುವುದು ಈ ಆಟದವರ ಬಾಯಲ್ಲಿ ಇರುವ ಮಾತು. ಮಾತು ಒಟ್ಟಾರೆ ಸರಿ. ಆದರೆ 30ರ ಆಟಗಾರರ ಸರಾಸರಿ ನೋಡಿ ಸಮಾಧಾನ ಪಟ್ಟುಕೊಳ್ಳುವವರು ಒಂದು ವಿಷಯ ಮರೆಯುತ್ತಾರೆ. ಆ ಸರಾಸರಿಯಲ್ಲಿ ಇರುವವರು 30ರ ತನಕ ಕೆಲಸ ಉಳಿಸಿಕೊಂಡವರು ಮಾತ್ರ. 26ಕ್ಕೆ ಮನೆಗೆ ಹೋದ ಗರ್ಲಿ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಉಳಿದವರನ್ನಷ್ಟೇ ನೋಡಿದರೆ ವಯಸ್ಸು ಅಷ್ಟೇನೂ ಕೆಡುಕು ಮಾಡಿಲ್ಲ ಅನ್ನಿಸುತ್ತದೆ.

ಮತ್ತೆ ಗರ್ಲಿ ಕಡೆ ಬಂದರೆ, ಅವರ ಕಥೆಯಲ್ಲಿ ಎರಡು ಗಡಿಯಾರಗಳೂ ಸ್ಪಷ್ಟವಾಗಿ ಕಾಣುತ್ತವೆ. 2019ರ ಮಾರ್ಚ್‌ನಲ್ಲಿ ಡೆಟ್ರಾಯಿಟ್ ತಂಡ ರ‍್ಯಾಮ್ಸ್‌ನ ಮೀಸಲು ಓಟಗಾರ ಮಾಲ್ಕಮ್ ಬ್ರೌನ್‌ಗೆ ಆಹ್ವಾನ ಕೊಟ್ಟಾಗ, ರ‍್ಯಾಮ್ಸ್ ಅಷ್ಟೇ ಹಣ ಕೊಟ್ಟು ಬ್ರೌನ್‌ರನ್ನು ಉಳಿಸಿಕೊಂಡಿತು. ತಂಡಗಳು ಕಾಲೇಜು ಹುಡುಗರನ್ನು ಆರಿಸುವ ಏಪ್ರಿಲ್‌ನ ಡ್ರಾಫ್ಟ್‌ನಲ್ಲಿ ಮೂರನೇ ಸುತ್ತಿನಲ್ಲಿ ಮೇಲೇರಿ ಬಂದು ಡ್ಯಾರೆಲ್ ಹೆಂಡರ್ಸನ್‌ರನ್ನು ಆರಿಸಿತು. ಅಷ್ಟರಲ್ಲಿ ಗರ್ಲಿ ಮೊಣಕಾಲಿನ ಕೀಲು ಸವೆದಿದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. 2014ರಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯಕ್ಕೆ ಆಡುವಾಗ ಅಸ್ಥಿರಜ್ಜು ಹರಿದುಕೊಂಡ ಅದೇ ಮೊಣಕಾಲು. ಆಟದ ಒಂದು ನಿಮಿಷವೂ ನಡೆಯದ ಆ ತಿಂಗಳುಗಳಲ್ಲಿ ಅವರ ಬೆಲೆ ಕುಸಿಯಿತು. ಅಂಕಗಳು? 2019ರಲ್ಲೂ ಅವರು 14 ಟಚ್‌ಡೌನ್ ಗಳಿಸಿದರು. ಸ್ಕೋರ್ ಪಟ್ಟಿ ಮಾತ್ರ ನೋಡುವವರಿಗೆ ಇನ್ನೂ ಎಲ್ಲ ಸರಿಯಿದೆ ಅನ್ನಿಸುವಷ್ಟು. ಒಳಗೆ ನೋಡಿದವರಿಗೆ ಕಂಡದ್ದು ಬೇರೆ. ಓಟ 1,251ರಿಂದ 857 ಯಾರ್ಡ್‌ಗೆ, ಕ್ಯಾಚ್ 59ರಿಂದ 31ಕ್ಕೆ ಇಳಿದಿತ್ತು. 2020ರ ಮಾರ್ಚ್‌ನಲ್ಲಿ ರ‍್ಯಾಮ್ಸ್ ಅವರನ್ನು ಕೈಬಿಟ್ಟಿತು. ಆ ಹೊತ್ತಿಗೆ ಡೈನಾಸ್ಟಿ ಮಾರುಕಟ್ಟೆಯಲ್ಲಿ ಕೊಳ್ಳುವವರು ಹೆಚ್ಚು ಉಳಿದಿರಲಿಲ್ಲ.

ಟಚ್‌ಡೌನ್ ಎಂಬುದು ಇಳಿಕೆಯನ್ನು ಮುಚ್ಚಿಡುವ ದೊಡ್ಡ ಪರದೆ. ಗೆರೆಯಿಂದ ಎರಡು ಯಾರ್ಡ್ ದೂರದಲ್ಲಿ ಚೆಂಡು ಸಿಕ್ಕಿದವನಿಗೆ ಆರು ಅಂಕ. ಅಲ್ಲಿಯವರೆಗೆ ಚೆಂಡನ್ನು ತಂದವರು ಯಾರೋ. ಡಲ್ಲಾಸ್ ಕೌಬಾಯ್ಸ್‌ನ ಎಜೆಕಿಯಲ್ ಎಲಿಯಟ್ ಇದಕ್ಕೆ ಒಳ್ಳೆಯ ಪಾಠ. 2016ರಲ್ಲಿ ಬಂದ ವರ್ಷವೇ 1,631 ಯಾರ್ಡ್ ಓಡಿದರು, ಪ್ರತಿ ಓಟಕ್ಕೆ ಸರಾಸರಿ 5.1. ನಂತರದ ವರ್ಷಗಳ ಸರಾಸರಿಯನ್ನು ಸಾಲಾಗಿ ಓದಿಕೊಳ್ಳಿ: 4.1, 4.7, 4.5, 4.0, 4.2, 3.8. ನಡುವೆ 2019ರಲ್ಲಿ ಆರು ವರ್ಷಕ್ಕೆ 90 ಮಿಲಿಯನ್ ಡಾಲರ್ ಕರಾರು. ಕೊನೆಯ 3.8 ಬಂದ 2022ರಲ್ಲೂ ಎಲಿಯಟ್ 12 ಟಚ್‌ಡೌನ್ ಗಳಿಸಿದ್ದರು, ಫ್ಯಾಂಟಸಿ ತಂಡಕ್ಕೆ ಸಾಕಷ್ಟು ಅಂಕ ತಂದಿದ್ದರು. ಆದರೆ ಅದೇ ತಂಡದಲ್ಲಿ, ಅದೇ ಮುಂಗೋಡೆಯ (ಓಟಗಾರನಿಗೆ ದಾರಿ ಬಿಡಿಸುವ ಸ್ವಂತ ತಂಡದವರ ಸಾಲು) ಹಿಂದೆ, ಅದೇ ಎದುರಾಳಿಗಳ ವಿರುದ್ಧ ಟೋನಿ ಪೊಲಾರ್ಡ್ ಪ್ರತಿ ಓಟಕ್ಕೆ 5.2 ಯಾರ್ಡ್ ಗಳಿಸುತ್ತಿದ್ದರು. 193 ಓಟಗಳಲ್ಲಿ 1,007 ಯಾರ್ಡ್. ಮರುವರ್ಷ ಮಾರ್ಚ್‌ನಲ್ಲಿ ಡಲ್ಲಾಸ್ ಎಲಿಯಟ್‌ರನ್ನು ಕಳುಹಿಸಿತು.

ಆಟಗಾರನ ಇಳಿಕೆ ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗುವುದು ಕಷ್ಟ. ಒಂದು ತಂಡದ ಓಟದ ಲೆಕ್ಕವನ್ನು ಇನ್ನೊಂದು ತಂಡದ ಲೆಕ್ಕಕ್ಕೆ ಹೋಲಿಸಿದರೆ ಮುಂಗೋಡೆ, ತರಬೇತುದಾರ, ಕ್ವಾರ್ಟರ್‌ಬ್ಯಾಕ್ ಎಲ್ಲ ಅಡ್ಡ ಬರುತ್ತವೆ. ಒಂದೇ ತಂಡದ ಇಬ್ಬರನ್ನು ಹೋಲಿಸಿದರೆ ಅವೆಲ್ಲ ಇಬ್ಬರಿಗೂ ಸಮ. ಜೊತೆಗಾರ ವಾರ ವಾರವೂ ಹಳಬನಿಗಿಂತ ಒಂದು ಯಾರ್ಡ್ ಮುಂದೆ ಹೋಗುತ್ತಿದ್ದಾನೆ ಎಂದರೆ, ತಂಡದ ತರಬೇತುದಾರರೂ ಅದೇ ವಿಡಿಯೊ ನೋಡುತ್ತಿದ್ದಾರೆ ಎಂದೇ ತಿಳಿಯಬೇಕು.

ಎರಡನೆಯ ಸೂಚನೆ ಕ್ಯಾಚ್‌ಗಳು. ಲಾಸ್ ಏಂಜಲಿಸ್ ಚಾರ್ಜರ್ಸ್‌ನ ಆಸ್ಟಿನ್ ಎಕ್ಲರ್ 2021ರಲ್ಲಿ 20 ಟಚ್‌ಡೌನ್, 2022ರಲ್ಲಿ 18 ಟಚ್‌ಡೌನ್ ಜೊತೆಗೆ 107 ಕ್ಯಾಚ್. ಕ್ಯಾಚ್‌ಗೆ ಅಂಕ ಕೊಡುವ ಲೀಗ್‌ಗಳಲ್ಲಿ ಚಿನ್ನದ ಗಣಿ. 2023ರಲ್ಲಿ, 28ನೇ ವಯಸ್ಸಿನಲ್ಲಿ, ಕ್ಯಾಚ್ 51ಕ್ಕೆ, ಓಟದ ಸರಾಸರಿ 3.5ಕ್ಕೆ ಬಿತ್ತು. ಅವರಿಗಿಂತ ಕೆಲವೇ ತಿಂಗಳು ಚಿಕ್ಕವರಾದ ಮಿನೆಸೋಟದ ಡಾಲ್ವಿನ್ ಕುಕ್ ಕಥೆ ಇನ್ನೂ ಕಡಿದಾದದ್ದು. 2022ರಲ್ಲಿ 1,173 ಯಾರ್ಡ್. 2023ರ ಜೂನ್‌ನಲ್ಲಿ ತಂಡ ಕೈಬಿಟ್ಟಿತು. ಆ ಋತುವಿನಲ್ಲಿ ನ್ಯೂಯಾರ್ಕ್ ಜೆಟ್ಸ್ ಪರ 67 ಓಟ, 214 ಯಾರ್ಡ್, ಒಂದೂ ಟಚ್‌ಡೌನ್ ಇಲ್ಲ. ಇಳಿಜಾರಿನ ಗ್ರಾಫ್ ನಿಧಾನಕ್ಕೆ ಬಾಗುತ್ತದೆ ಎಂದು ಕಾದು ಕೂತವರಿಗೆ ಕುಕ್ ವಿಷಯದಲ್ಲಿ ಬಾಗುವುದೇ ಕಾಣಲಿಲ್ಲ.

ರಹೀಮ್ ಮೋಸ್ಟರ್ಟ್ ಪ್ರಕರಣ ಇನ್ನೂ ಸ್ಪಷ್ಟ. ಮಯಾಮಿ ಡಾಲ್ಫಿನ್ಸ್ ಪರ 2023ರಲ್ಲಿ, 31ನೇ ವಯಸ್ಸಿನಲ್ಲಿ, ಜೀವಮಾನದ ಆಟ: 1,012 ಯಾರ್ಡ್, 21 ಟಚ್‌ಡೌನ್. ಹಿಂದಿನ ಯಾವ ವರ್ಷವೂ ಸಾವಿರ ಯಾರ್ಡ್ ಮುಟ್ಟಿರದವರು. 209 ಓಟಗಳಲ್ಲಿ 18 ಟಚ್‌ಡೌನ್ ಎಂಬುದು ಮತ್ತೊಮ್ಮೆ ಆಗುವ ಸಂಗತಿಯಲ್ಲ. ಜೊತೆಗೆ ಅದೇ ವರ್ಷ ಬಂದ ಡಿವಾನ್ ಏಚೇನ್ ಎಂಬ ಮಿಂಚಿನ ಹುಡುಗ ಪಕ್ಕದಲ್ಲೇ ಇದ್ದರು. 2024ರಲ್ಲಿ ಮೋಸ್ಟರ್ಟ್ ಗಳಿಕೆ 278 ಯಾರ್ಡ್, ಎರಡು ಟಚ್‌ಡೌನ್. ಮೋಸ್ಟರ್ಟ್‌ರನ್ನು 2023ರ ನಡುವಿನಲ್ಲಿ, ಕಪ್ಪಿಗಾಗಿ ಹೋರಾಡುತ್ತಿದ್ದ ಯಾವುದಾದರೂ ತಂಡಕ್ಕೆ ಒಂದು ಪಿಕ್‌ಗೆ ಕೊಟ್ಟವರು ಬುದ್ಧಿವಂತರು. ಅದೇ ರೀತಿ, ಅವರನ್ನು ಕೊಂಡು ಆ ವರ್ಷ ಕಪ್ ಗೆದ್ದವರೂ ಬುದ್ಧಿವಂತರೇ. ಈ ಮಾತಿಗೆ ಮುಂದೆ ಬರೋಣ.

ಎಷ್ಟು ಓಟ ಓಡಿದರೆ ಅಪಾಯ? ಫುಟ್‌ಬಾಲ್ ಔಟ್‌ಸೈಡರ್ಸ್ ಸ್ಥಾಪಿಸಿದ ಅಂಕಿಅಂಶ ತಜ್ಞ ಆ್ಯರನ್ ಶಾಟ್ಜ್ ‘370ರ ಶಾಪ’ ಎಂಬ ಮಾತನ್ನು ಜನಪ್ರಿಯಗೊಳಿಸಿದರು. ಒಂದೇ ಋತುವಿನಲ್ಲಿ 370 ಅಥವಾ ಅದಕ್ಕಿಂತ ಹೆಚ್ಚು ಸಲ ಚೆಂಡು ಹೊತ್ತವನಿಗೆ ಮುಂದಿನ ವರ್ಷ ಗಾಯ ಅಥವಾ ಕುಸಿತ ಕಟ್ಟಿಟ್ಟ ಬುತ್ತಿ ಎನ್ನುವುದು ಅದರ ಸಾರ. ಸಾಕ್ಷಿಗಳು ಹೆದರಿಸುವಂಥವೇ. ಕ್ಯಾನ್ಸಸ್ ಸಿಟಿಯ ಲ್ಯಾರಿ ಜಾನ್ಸನ್ 2006ರಲ್ಲಿ 416 ಸಲ ಚೆಂಡು ಹೊತ್ತು ದಾಖಲೆ ಮಾಡಿದರು, 1,789 ಯಾರ್ಡ್ ಗಳಿಸಿದರು. ಮರುವರ್ಷ ಎಂಟು ಪಂದ್ಯಕ್ಕೆ ಪಾದ ಮುರಿದು 559ಕ್ಕೆ ನಿಂತರು. ಸಿಯಾಟಲ್‌ನ ಶಾನ್ ಅಲೆಕ್ಸಾಂಡರ್ 2005ರಲ್ಲಿ 370 ಓಟ, 1,880 ಯಾರ್ಡ್, 28 ಟಚ್‌ಡೌನ್, ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ. ಮರುವರ್ಷ ಪಾದದ ಗಾಯ, 896 ಯಾರ್ಡ್. ಅದರ ಮುಂದಿನ ವರ್ಷ 716.

ಆದರೂ ಈ ಶಾಪವನ್ನು ಅಕ್ಷರಶಃ ನಂಬುವುದು ತಪ್ಪು. ಎರಿಕ್ ಡಿಕರ್ಸನ್ 1983ರಲ್ಲಿ ಮೊದಲ ವರ್ಷವೇ 390 ಸಲ ಚೆಂಡು ಹೊತ್ತರು, ಮರುವರ್ಷ 2,105 ಯಾರ್ಡ್ ಓಡಿ ಬರೆದ ದಾಖಲೆ ಇವತ್ತಿಗೂ ನಿಂತಿದೆ. ಲಡೇನಿಯನ್ ಟಾಮ್ಲಿನ್ಸನ್ 2002ರಲ್ಲಿ 372 ಓಟ, ಮರುವರ್ಷ 1,645 ಯಾರ್ಡ್. ಇಬ್ಬರಿಗೂ ಆಗ ಇಪ್ಪತ್ತರ ಹರೆಯದ ಮೊದಲರ್ಧ. ಜಾನ್ಸನ್, ಅಲೆಕ್ಸಾಂಡರ್ ಇಬ್ಬರೂ 27, 28ರವರು. ಇನ್ನೊಂದು ಸಂಗತಿಯೂ ಇದೆ. 370 ಓಟ ಓಡಬೇಕಾದರೆ ಆ ವರ್ಷ ಗಾಯವಾಗಿರಬಾರದು, ತಂಡ ಗೆಲ್ಲುತ್ತಿರಬೇಕು, ಎಲ್ಲವೂ ಕೂಡಿಬಂದಿರಬೇಕು. ಅಂಥ ವರ್ಷದ ಮರುವರ್ಷ ಯಾರಿಗಾದರೂ ಇಳಿಮುಖವೇ. ಸವೆತ ಎಷ್ಟು, ಅದೃಷ್ಟದ ಸಹಜ ತಿರುಗು ಎಷ್ಟು ಎಂದು ಬಿಡಿಸುವುದು ಕಷ್ಟ. ಮಾರುವವನಿಗೆ ಮಾತ್ರ ಎರಡೂ ಒಂದೇ. ಅತ್ಯುತ್ತಮ ವರ್ಷದ ಕೊನೆಯಲ್ಲಿ ಬೆಲೆ ಅತಿ ಹೆಚ್ಚಿರುತ್ತದೆ, ಅಂಥ ವರ್ಷ ಮರುಕಳಿಸುವ ಸಾಧ್ಯತೆ ಅತಿ ಕಡಿಮೆ ಇರುತ್ತದೆ.

ಹಾಗಾದರೆ ಯಾವಾಗ? ಕ್ಯಾಲೆಂಡರ್ ಹಿಡಿದು ಹೇಳುವುದಾದರೆ, ಬೆಲೆ ಬೀಳುವ ಅಪಾಯದ ತಿಂಗಳುಗಳು ಮಾರ್ಚ್ ಮತ್ತು ಏಪ್ರಿಲ್. ಮಾರ್ಚ್‌ನಲ್ಲಿ ತಂಡಗಳು ಆಟಗಾರರನ್ನು ಬಿಡುತ್ತವೆ, ಬೇರೆಯವರನ್ನು ಕೊಳ್ಳುತ್ತವೆ. ಏಪ್ರಿಲ್ ಕೊನೆಯ ಡ್ರಾಫ್ಟ್‌ನಲ್ಲಿ ಹೊಸ ಹುಡುಗರು ಬರುತ್ತಾರೆ. ವಯಸ್ಸಾಗಬೇಕೆಂದೇ ಇಲ್ಲ, ಡ್ರಾಫ್ಟ್ ಒಂದೇ ಸಾಕು. ಅಟ್ಲಾಂಟಾದ ಟೈಲರ್ ಆಲ್ಜಿಯರ್ 2022ರಲ್ಲಿ ಮೊದಲ ವರ್ಷವೇ 1,035 ಯಾರ್ಡ್ ಓಡಿದ್ದರು. ಮುಂದಿನ ಏಪ್ರಿಲ್‌ನಲ್ಲಿ ಅದೇ ತಂಡ ಎಂಟನೇ ಆಯ್ಕೆಯಾಗಿ ಬಿಜಾನ್ ರಾಬಿನ್ಸನ್‌ರನ್ನು ತಂದಿತು. ಆಲ್ಜಿಯರ್ ಕೈಯಲ್ಲಿದ್ದವರಿಗೆ ಆ ರಾತ್ರಿ ಎಲ್ಲವೂ ಕೈಜಾರಿತು. 28ರ ಆಟಗಾರನನ್ನು ಇಟ್ಟುಕೊಂಡು ಮಾರ್ಚ್ ದಾಟಿಸುವುದು ಎಂದರೆ ಇಂಥ ಎರಡು ಪರೀಕ್ಷೆಗಳನ್ನು, ಅಂಕ ಗಳಿಸುವ ಯಾವ ಅವಕಾಶವೂ ಇಲ್ಲದೆ, ಎದುರಿಸುವುದು.

ಮಾರಲು ಒಳ್ಳೆಯ ಕಾಲ ಅಕ್ಟೋಬರ್, ನವೆಂಬರ್. ಆ ಹೊತ್ತಿಗೆ ಯಾರದೋ ತಂಡದ ಮೊದಲ ರನ್ನಿಂಗ್ ಬ್ಯಾಕ್‌ಗೆ ಮೊಣಕಾಲು ಹೋಗಿರುತ್ತದೆ. 2023ರ ಸೆಪ್ಟೆಂಬರ್ 18ರ ರಾತ್ರಿ ಪಿಟ್ಸ್‌ಬರ್ಗ್‌ನಲ್ಲಿ ಕ್ಲೀವ್‌ಲ್ಯಾಂಡ್‌ನ ನಿಕ್ ಚಬ್ ಬಿದ್ದಾಗ, ಅವರನ್ನು ನಂಬಿ ಕಪ್ಪಿನ ಕನಸು ಕಂಡ ತಂಡಗಳಿಗೆಲ್ಲ ಮರುದಿನವೇ ಬದಲಿ ಬೇಕಿತ್ತು. ಅಂಥವರಿಗೆ 29ರ ಆಟಗಾರನ ಮುಂದಿನ ವರ್ಷ ಮುಖ್ಯವಲ್ಲ, ಮುಂದಿನ ಭಾನುವಾರ ಮುಖ್ಯ. ಅವನಿಗೆ ಪೂರ್ಣ ಬೆಲೆ ಕೊಡುವವರು ಅವರೊಬ್ಬರೇ. ಜನವರಿಯಲ್ಲಿ ಇದೇ ಆಟಗಾರನನ್ನು ಹಿಡಿದು ಬಾಗಿಲು ಬಾಗಿಲು ತಟ್ಟಿದರೆ ಅರ್ಧ ಬೆಲೆಯೂ ಹುಟ್ಟುವುದಿಲ್ಲ.

ಇಲ್ಲಿಗೆ ಬಂದಾಗ ಎಲ್ಲರೂ ಎತ್ತುವ ಹೆಸರು ಡೆರಿಕ್ ಹೆನ್ರಿ. ಎತ್ತಬೇಕಾದದ್ದೇ. 2020ರಲ್ಲಿ ಟೆನ್ನೆಸ್ಸಿ ಪರ 378 ಓಟ, 2,027 ಯಾರ್ಡ್. 2021ರಲ್ಲಿ ಎಂಟು ಪಂದ್ಯಕ್ಕೇ 219 ಓಟ ಓಡಿ ಪಾದದ ಮೂಳೆ ಮುರಿಯಿತು. ಶಾಪ ತಟ್ಟಿತು ಎಂದು ಅನೇಕರು ಸಿಕ್ಕಿದ್ದಕ್ಕೆ ಮಾರಿದರು. 2022ರಲ್ಲಿ ಅವರು ಮತ್ತೆ 1,538 ಯಾರ್ಡ್ ಓಡಿದರು. 2024ರ ಮಾರ್ಚ್‌ನಲ್ಲಿ, 30 ತುಂಬಿದ ಮೇಲೆ, ಬಾಲ್ಟಿಮೋರ್ ರೇವನ್ಸ್ ಸೇರಿದರು. ಎರಡು ವರ್ಷಕ್ಕೆ 16 ಮಿಲಿಯನ್ ಡಾಲರ್, ಗರ್ಲಿಗೋ ಎಲಿಯಟ್‌ಗೋ ಸಿಕ್ಕಿದ್ದರ ಮುಂದೆ ಚಿಲ್ಲರೆ. ಆ ವರ್ಷ ಅವರು ಓಡಿದ್ದು 1,921 ಯಾರ್ಡ್, ಪ್ರತಿ ಓಟಕ್ಕೆ 5.9, ಒಟ್ಟು 18 ಟಚ್‌ಡೌನ್. ಲಮಾರ್ ಜಾಕ್ಸನ್‌ರಂಥ ಓಡಬಲ್ಲ ಕ್ವಾರ್ಟರ್‌ಬ್ಯಾಕ್ ಪಕ್ಕದಲ್ಲಿದ್ದರೆ ಎದುರಾಳಿಗಳು ಯಾರನ್ನು ಹಿಡಿಯಬೇಕು ಎಂದು ಒಂದು ಕ್ಷಣ ತಡೆಯುತ್ತಾರೆ. 110 ಕೆಜಿ ದಾಟಿದ ಹೆನ್ರಿಗೆ ಆ ಒಂದು ಕ್ಷಣವೇ ಸಾಕಾಯಿತು.

ಸ್ಯಾಕ್ವನ್ ಬಾರ್ಕ್ಲಿಯದೂ ಅದೇ ವರ್ಷದ ಕಥೆ. ನ್ಯೂಯಾರ್ಕ್ ಜೈಂಟ್ಸ್‌ನಲ್ಲಿ 2023ರಲ್ಲಿ 962 ಯಾರ್ಡ್. 27ಕ್ಕೆ ಕಾಲಿಟ್ಟಿದ್ದರು, ಹಿಂದೆ ಮೊಣಕಾಲಿನ ಅಸ್ಥಿರಜ್ಜು ಹರಿದಿತ್ತು. ಮಾರುವ ಎಲ್ಲ ಲಕ್ಷಣವೂ ಇತ್ತು. ಫಿಲಡೆಲ್ಫಿಯಾ ಈಗಲ್ಸ್ ಸೇರಿ, ದೇಶದ ಅತ್ಯುತ್ತಮ ಮುಂಗೋಡೆಗಳಲ್ಲಿ ಒಂದರ ಹಿಂದೆ ಓಡಿ 2,005 ಯಾರ್ಡ್ ಗಳಿಸಿದರು, ಸೂಪರ್ ಬೌಲ್ ಗೆದ್ದರು. ಅಂದರೆ ಜೈಂಟ್ಸ್‌ನಲ್ಲಿ ಕಂಡ ಇಳಿಕೆಯ ದೊಡ್ಡ ಪಾಲು ಬಾರ್ಕ್ಲಿಯ ಕಾಲಿನದ್ದಲ್ಲ, ಅವರ ಮುಂದಿದ್ದ ಗೋಡೆಯದ್ದು.

ಈ ಇಬ್ಬರಿಂದ ಕಲಿಯಬೇಕಾದದ್ದು ‘ಕಾದರೆ ಫಲ’ ಎಂದಲ್ಲ. ಏಡ್ರಿಯನ್ ಪೀಟರ್ಸನ್ 2015ರಲ್ಲಿ 30ನೇ ವಯಸ್ಸಿನಲ್ಲಿ 1,485 ಯಾರ್ಡ್ ಓಡಿ ಇಡೀ ಲೀಗ್‌ಗೆ ಮೊದಲಿಗರಾದರು. ಮರುವರ್ಷ ಮೂರು ಪಂದ್ಯ, 72 ಯಾರ್ಡ್. ಫ್ರಾಂಕ್ ಗೋರ್ ಕಾಲೇಜಿನಲ್ಲೇ ಎರಡೂ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡವರು, 37ರ ತನಕ ಆಡಿ 16,000 ಯಾರ್ಡ್ ಮುಗಿಸಿದರು. ಯಾರು ಗೋರ್, ಯಾರು ಕುಕ್ ಎಂದು ಮೊದಲೇ ಹೇಳಬಲ್ಲವರು ಯಾರೂ ಇಲ್ಲ. ಆದರೆ ಬೆಲೆಯ ಬಗ್ಗೆ ಒಂದು ಮಾತು ಹೇಳಬಹುದು. ಒಂದು ಹಂತದ ಆಚೆ ಮಾರುಕಟ್ಟೆಯೇ ಅತಿಯಾಗಿ ಹೆದರಿಬಿಡುತ್ತದೆ. 30ರ ಹೆನ್ರಿಗೆ ಡೈನಾಸ್ಟಿಯಲ್ಲಿ ಸಿಗುತ್ತಿದ್ದ ಬೆಲೆ ಎಷ್ಟು ಕೆಳಗಿತ್ತೆಂದರೆ ಮಾರಿ ಪಡೆಯುವುದಕ್ಕಿಂತ ಆಡಿಸಿ ಪಡೆಯುವುದೇ ಹೆಚ್ಚು. 26, 27ರಲ್ಲಿ ಬೆಲೆ ಉತ್ತುಂಗದಲ್ಲಿರುವಾಗ ಮಾರದವರು 29ರಲ್ಲಿ ಹೆದರಿ ಕಡಲೆಕಾಯಿ ಬೆಲೆಗೆ ಮಾರುವುದು ಎರಡು ಸಲ ಸೋತಂತೆ. ಆ ಘಟ್ಟದಲ್ಲಿ ಮಾರುವ ಬದಲು ಕೊಳ್ಳಬೇಕು, ಅದೂ ಕಪ್ ಗೆಲ್ಲುವ ನಿಜವಾದ ಅವಕಾಶ ಇರುವವರು.

ಹೀಗಾಗಿ ಮಾರುವ ವಯಸ್ಸು ಆಟಗಾರನಿಗೆ ತಕ್ಕಂತೆ ಮಾತ್ರವಲ್ಲ, ತಂಡದ ಒಡೆಯನಿಗೆ ತಕ್ಕಂತೆಯೂ ಬದಲಾಗುತ್ತದೆ. ಹನ್ನೆರಡು ತಂಡಗಳ ಲೀಗ್‌ನಲ್ಲಿ ಹತ್ತನೇ ಸ್ಥಾನದಲ್ಲಿದ್ದು 28ರ ಓಟಗಾರನನ್ನು ಹಿಡಿದುಕೊಂಡವರು ಏನನ್ನೂ ಗೆಲ್ಲದ ಭಾನುವಾರಗಳಲ್ಲಿ ಅಂಕ ಕೂಡಿಸುತ್ತಾರೆ. ಆ ಅಂಕಗಳಿಂದ ಅವರಿಗೆ ನಷ್ಟವೇ. ಗೆದ್ದ ಪ್ರತಿ ಪಂದ್ಯವೂ ಮುಂದಿನ ಬೇಸಿಗೆಯ ಸರದಿಯಲ್ಲಿ ಅವರನ್ನು ಹಿಂದಕ್ಕೆ ತಳ್ಳುತ್ತದೆ. ಅಂಥವರು 25 ದಾಟಿದ ರನ್ನಿಂಗ್ ಬ್ಯಾಕ್‌ನನ್ನು ಇಟ್ಟುಕೊಳ್ಳಲು ಕಾರಣವೇ ಇಲ್ಲ. ಮೊದಲ ಎರಡು ಸ್ಥಾನದಲ್ಲಿರುವವರಿಗೆ ಲೆಕ್ಕ ಉಲ್ಟಾ. ಕ್ರಿಶ್ಚಿಯನ್ ಮೆಕ್ಯಾಫ್ರಿ 2023ರಲ್ಲಿ 27ನೇ ವಯಸ್ಸಿನಲ್ಲಿ ಓಟ, ಕ್ಯಾಚ್ ಸೇರಿ 2,023 ಯಾರ್ಡ್, 21 ಟಚ್‌ಡೌನ್ ಗಳಿಸಿದರು. ಮರುವರ್ಷ ನಾಲ್ಕೇ ಪಂದ್ಯ ಆಡಿದರು. 2023ರಲ್ಲಿ ಅವರಿಂದ ಕಪ್ ಗೆದ್ದವರು 2024ರ ನಾಲ್ಕು ಪಂದ್ಯಕ್ಕಾಗಿ ಕೊರಗಬೇಕಿಲ್ಲ. ಏನೂ ಗೆಲ್ಲದೆ ಅವರನ್ನು ಇಟ್ಟುಕೊಂಡವರು ಕೊರಗಬೇಕು.

ಬದಲಿಗೆ ಏನು ಕೇಳಬೇಕು ಎನ್ನುವುದರಲ್ಲಿ ಅನೇಕರು ಎಡವುತ್ತಾರೆ. ಪಿಕ್ ಎಂದರೆ ಎಲ್ಲರ ಕಣ್ಣೂ ಅರಳುತ್ತದೆ, ಏಕೆಂದರೆ ಅದು ಇನ್ನೂ ಯಾರೂ ಆಗಿಲ್ಲ, ಯಾರು ಬೇಕಾದರೂ ಆಗಬಹುದು. 2020ರ ಹೊಸಬರ ಸರದಿಯಲ್ಲಿ ಅನೇಕರು ಮೊದಲು ಆರಿಸಿದ್ದು ಕ್ಯಾನ್ಸಸ್ ಸಿಟಿಯ ಕ್ಲೈಡ್ ಎಡ್ವರ್ಡ್ಸ್-ಹೆಲೇರ್‌ರನ್ನು. ಅವರ ಅತ್ಯುತ್ತಮ ವರ್ಷ ಮೊದಲನೆಯದೇ, 803 ಯಾರ್ಡ್. ಅದೇ ಸರದಿಯಲ್ಲಿ ಅವರ ಹಿಂದೆ ಸಿಗುತ್ತಿದ್ದವರಲ್ಲಿ ಮಿನೆಸೋಟದ ರಿಸೀವರ್ ಜಸ್ಟಿನ್ ಜೆಫರ್ಸನ್ ಇದ್ದರು. ಹಾಗಾಗಿ ಹಳೆಯ ರನ್ನಿಂಗ್ ಬ್ಯಾಕ್ ಕೊಟ್ಟು ಪಿಕ್ ಪಡೆದು, ಆ ಪಿಕ್‌ನಲ್ಲಿ ಮತ್ತೊಬ್ಬ ರನ್ನಿಂಗ್ ಬ್ಯಾಕ್ ತರುವುದು ಅದೇ ನಾಲ್ಕೈದು ವರ್ಷದ ಇಳಿಜಾರಿನ ತುದಿಗೆ ಮತ್ತೆ ಹೋಗಿ ನಿಂತಂತೆ. ಎರಡು ವರ್ಷ ಆಡಿ ತನ್ನನ್ನು ತೋರಿಸಿಕೊಂಡ, 23, 24ರ ರಿಸೀವರ್‌ನನ್ನು ಕೇಳುವುದು ಮೇಲು. ಸಿಗದಿದ್ದರೆ, ಕೊಳ್ಳುವವರದ್ದಲ್ಲದ, ಅವರ ಬಳಿ ಇರುವ ಬೇರೆ ದುರ್ಬಲ ತಂಡದ ಮೊದಲ ಸುತ್ತಿನ ಪಿಕ್ ಕೇಳಬೇಕು. ಕಪ್ಪಿಗೆ ಹೋರಾಡುವ ತಂಡದ ಸ್ವಂತ ಪಿಕ್ ಹೇಗೂ ಸುತ್ತಿನ ಕೊನೆಗೇ ಬರುತ್ತದೆ.

ಇನ್ನು ಕೇಳುವ ಬಗೆ. ‘ಇವನನ್ನು ಮಾರುತ್ತಿದ್ದೇನೆ, ಯಾರಿಗೆ ಬೇಕು’ ಎಂದು ಲೀಗ್‌ನ ಗ್ರೂಪಿನಲ್ಲಿ ಹಾಕಿದ ಕ್ಷಣ ಹನ್ನೊಂದು ಜನರೂ ಬೆಲೆ ಇಳಿಸುತ್ತಾರೆ. ಬುಧವಾರ ಗಾಯಾಳುಗಳ ಪಟ್ಟಿ ಬಂದ ಮೇಲೆ, ಯಾರ ಎರಡನೇ ರನ್ನಿಂಗ್ ಬ್ಯಾಕ್ ಜಾಗ ಖಾಲಿಯಾಗಿದೆ ಎಂದು ನೋಡಿ, ಅವರೊಬ್ಬರಿಗೇ ನೇರವಾಗಿ ಬರೆಯಬೇಕು. ನಿಮ್ಮ ಓಟಗಾರನ ಉಳಿದ ಪಂದ್ಯಗಳ ಪಟ್ಟಿ ನೋಡಿ, ಅದರಲ್ಲೂ ಪ್ಲೇಆಫ್ ಬೀಳುವ ಹದಿನೈದರಿಂದ ಹದಿನೇಳನೇ ವಾರದಲ್ಲಿ ಅವನಿಗೆ ಎದುರಾಗುವ ತಂಡಗಳು ಓಟ ತಡೆಯುವುದರಲ್ಲಿ ದುರ್ಬಲ ಆಗಿದ್ದರೆ ಅದನ್ನು ಹೇಳಬೇಕು. ಹೇಳುವುದೆಲ್ಲ ನಿಜವೇ ಆಗಿರಬೇಕು, ಏಕೆಂದರೆ ಡೈನಾಸ್ಟಿ ಲೀಗ್‌ನಲ್ಲಿ ಅದೇ ಹನ್ನೊಂದು ಜನರ ಜೊತೆ ಹತ್ತು ಹದಿನೈದು ವರ್ಷ ವ್ಯವಹಾರ ಮಾಡಬೇಕಾಗುತ್ತದೆ. ಟ್ರೇಡ್ ಗಡುವು ಹೆಚ್ಚಿನ ಲೀಗ್‌ಗಳಲ್ಲಿ ನವೆಂಬರ್‌ನಲ್ಲಿ ಮುಗಿಯುತ್ತದೆ. ಅದರ ಹಿಂದಿನ ಎರಡು ವಾರ ಫೋನ್ ಕೈಯಲ್ಲೇ ಇರಲಿ.